ಲೋಕಲಿನಲ್ಲಿ ಕ್ರೋಶಾ ಹೆಣೆಯುತ್ತಿದ್ದ ಅಕ್ಕ

ನಮ್ಮ ಮನೆಗೆ ಮೊಮ್ಮಗಳು ಬಂದಳು! ಇವತ್ತು ಬೆಳಿಗ್ಗೆ ಸೊಸೆಯನ್ನೂ ಕೂಸನ್ನೂ ಆಸ್ಪತ್ರೆಯಿಂದ ಮುಂಬೈ ಪಕ್ಕದ ಡೊಂಬಿವಲಿಯ ಮನೆಗೆ ಕರೆತಂದೆವು. ಶಾಲೆಯನ್ನು ಸರಿಯಾಗಿ ಕಾಣದವಳು ನಾನು, ಈ ಖುಷಿ ಬರೆಯಲು ನನ್ನಲ್ಲಿ ಮಾತು ಸಾಲದು. ಗಂಡಾದರೆ ಪೇಡೆ, ಹೆಣ್ಣಾದರೆ ಬರ್ಫಿ ಎಂಬುದು ಇಲ್ಲಿನ ರೂಢಿ. ನಾನು ಎರಡನ್ನೂ ಹಂಚಿದೆ.

ನಾನೇ ಹೆಣೆದ ಟೋಪಿಯನ್ನು ಕೂಸಿಗೆ ಹಾಕಿ ಮುತ್ತು ಕೊಡಲು ಬಗ್ಗಿದಾಗ ಹೊಸ ಉಲ್ಲನ್ನಿನ ವಾಸನೆ ಬಂತು. ಆ ಅಕ್ಕ ನೆನಪಾದರು... ಕಣ್ಣು ತುಂಬಿತು. ಸಂತೋಷಕ್ಕೆ ಅಂದುಕೊಂಡಳು ಸೊಸೆ.

ಹಿಂದೆ ನಾನು ಠಾಣೆ ಊರಿನ ಒಂದು ಕಂಪನಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಆ ಅಕ್ಕ ದಿನಾ ಕಿಟಕಿ ಪಕ್ಕ ಕೂರುತ್ತಿದ್ದರು. ಉಡುಪಿ ಕಡೆಯವರು, ಮುಂಬೈಯಲ್ಲಿ ಆಫೀಸು ಕೆಲಸ. ಗಾಡಿ ಅಲುಗಿದ ಕೂಡಲೇ ಚೀಲದಿಂದ ಕ್ರೋಶಾ ಕಡ್ಡಿ ಹೊರಗೆ. ಒಬ್ಬಳ ಮೊಣಕೈ ಪಕ್ಕೆಯಲ್ಲಿ, ಇನ್ನೊಬ್ಬಳ ಪರ್ಸು ತಲೆಯ ಮೇಲೆ, ಆದರೂ ಬೆರಳು ನಿಲ್ಲುತ್ತಿರಲಿಲ್ಲ.

"ಮಾವ್ಶಿ, ಈ ಟೋಪಿ ಯಾರ ತಲೆಗೆ?" ಎಂದು ಮರಾಠಿ ಹುಡುಗಿಯರು ಯಾರಾದರೂ ಕೆಣಕಿದರೆ, "ಮೊದ್ಲು ಟೋಪಿ ಆಗ್ಲಿ, ತಲೆ ಎಲ್ಲಾದ್ರೂ ಸಿಗ್ತದೆ" ಎನ್ನುತ್ತಿದ್ದರು. ಡಬ್ಬಿಯೆಲ್ಲ ನಗು.

ನನಗೂ ಅವರೇ ಕಲಿಸಿದರು. "ಮನೆಯಲ್ಲಿ ಮಾಡುದಿಲ್ವಾ ಅಕ್ಕ?" ಎಂದು ಒಮ್ಮೆ ಕೇಳಿದೆ.

"ಮನೆಯಲ್ಲಿ ಕಡ್ಡಿ ಹಿಡಿದ್ರೆ ನಾನು ಖಾಲಿ ಇದ್ದೇನೆ ಅಂತ ಲೆಕ್ಕ ಮಾರಾಯ್ತಿ. ಕೂಡಲೇ ಒಂದು ಕೆಲಸ ಬರ್ತದೆ. ಇಲ್ಲಿ ಯಾರು ಕರೀತಾರೆ?"

ಮುಂದೆ ಅವರ ಆಫೀಸು ಮುಚ್ಚಿತು. ಇನ್ನು ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಮರುದಿನ ನೋಡಿದರೆ ಅದೇ ಕಿಟಕಿ, ಅದೇ ಕಡ್ಡಿ! ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಕೊನೆಯ ಸ್ಟೇಷನ್ನಿನವರೆಗೆ ಹೆಣೆಯುತ್ತ ಹೋಗಿ, ಹೆಣೆಯುತ್ತ ವಾಪಸು ಬರುತ್ತಿದ್ದರು. ಪಾಸ್ ಮುಗಿದಾಗ ಹೊಸದನ್ನೂ ತೆಗೆಸಿದರು.

"ಗೊತ್ತಾದ್ರೆ?" ಅಂದೆ.

"ನಾನು ಕದ್ದದ್ದು ಎಂಥ?" ಅಂದರು.

ಗೊತ್ತಾಯಿತು. ಅವರ ಮಗ ಬೈಯಲಿಲ್ಲ, ಪಾಪ. "ಅಮ್ಮ, ಇನ್ನು ಗಾಡಿಯ ಗರ್ದಿಯಲ್ಲಿ ಒದ್ದಾಡೋದು ಬೇಡ. ಮನೆಯಲ್ಲೇ ಆರಾಮಾಗಿರು" ಎಂದನಂತೆ. ಅಷ್ಟು ಪ್ರೀತಿಯಿಂದ ಹೇಳಿದವನಿಗೆ ಏನೆಂದು ಎದುರಾಡುವುದು...

ಕೆಲವು ತಿಂಗಳ ಮೇಲೆ ಎಂಐಡಿಸಿ ಕಾರ್ಖಾನೆಗಳ ಹತ್ತಿರದ ಅವರ ಮನೆಗೆ ಹೋದೆ. ನಾನಿದ್ದಷ್ಟು ಹೊತ್ತೂ ಅವರು ಏಳುತ್ತಲೇ ಇದ್ದರು. ಹಾಲು ಉಕ್ಕಿತು, ಬೆಲ್ ಆಯಿತು, ಮೊಮ್ಮಗನ ಟಿಫಿನ್ನು. "ಕ್ರೋಶಾ ಎಲ್ಲಿ ಅಕ್ಕ?" ಎಂದರೆ, "ಎಲ್ಲೋ ಉಂಟು" ಎಂದು ಮಾತು ತಿರುಗಿಸಿದರು. ಬೆರಳು ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತಲೇ ಇತ್ತು... ಮರುವರ್ಷ ಹೋಗಿಬಿಟ್ಟರು. ನನಗೆ ಸುದ್ದಿ ಸಿಕ್ಕಿದ್ದೂ ಲೋಕಲಿನಲ್ಲೇ.

ಇವತ್ತು ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಕೋಪರಖೈರಣೆಯಿಂದ ಮಗಳು, ಅಳಿಯ ಕೂಡ ಬಂದಿದ್ದರು. "ಅಮ್ಮ, ಇನ್ನು ನಿನ್ನ ಉಲ್ಲನ್ ಕೆಲಸಕ್ಕೆ ಛುಟ್ಟಿ. ಬೇಬಿ ಬಂದಳಲ್ಲ" ಎಂದ ಮಗ, ತಮಾಷೆಗೆ.

ಕೈಯ ತುತ್ತು ಕೈಯಲ್ಲೇ ನಿಂತಿತು. "ಕೂಸಿನದ್ದು ಎಲ್ಲ ನಾನು ಮಾಡ್ತೇನೆ. ಆದ್ರೆ ಸಂಜೆ ಚಾ ಆದ ಮೇಲೆ ಸ್ವಲ್ಪ ಹೊತ್ತು ನನ್ನನ್ನು ಯಾರೂ ಕರೀಬೇಡಿ" ಎಂದೆ.

"ಠೀಕ್ ಹೈ ಅಮ್ಮ, ಆಗ ಪಪ್ಪ ಡ್ಯೂಟಿ ಮಾಡ್ತಾರೆ" ಎಂದಳು ಸೊಸೆ, ಗಂಡನ ಕಡೆ ಬೊಟ್ಟು ಮಾಡಿ. ಎಲ್ಲರೂ ನಕ್ಕರು.

ಇಷ್ಟು ಸುಲಭದ ಮಾತು. ಅಕ್ಕ ಒಮ್ಮೆ ಹೇಳಿದ್ದರೆ...

"ಸಾರು ತಣ್ಣಗಾಗ್ತದೆ, ಊಟ ಮಾಡಮ್ಮ" ಎಂದಳು ಮಗಳು. ಉಂಡೆ.