ಇಸ್ತ್ರಿಯವಳ ಮನೆಯ ಲ್ಯಾಪ್‌ಟಾಪ್

ನನ್ನ ಕೋಣೆಗೂ ಇಸ್ತ್ರಿಯವಳ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನನ್ನ ಹಗಲು ಕಳೆಯುವುದು ಅವಳಲ್ಲೇ. ಅವಳು ಬಟ್ಟೆಗೆ ಇಸ್ತ್ರಿ ಉಜ್ಜುತ್ತಾಳೆ, ನಾನು ಮನೆವಾರು ಬೇರೆ ಮಾಡಿ ಗಂಟು ಕಟ್ಟುತ್ತೇನೆ. ಅವಳದು ಅಚ್ಚುಕಟ್ಟಾದ ಕೆಲಸ. ಅಂಗಿಯ ಕಾಲರನ್ನು ತುದಿಯಿಂದ ನಡುವಿಗೆ ಉಜ್ಜುತ್ತಾಳೆ, ತುದಿಯಲ್ಲಿ ನೆರಿಗೆ ನಿಲ್ಲಬಾರದು ಎಂದು. ಮೇಜಿನ ಮೇಲೆ ನಾಲ್ಕು ಮಡಿಕೆ ಕಂಬಳಿ, ಅದರ ಮೇಲೆ ಬಿಳಿ ಬಟ್ಟೆ. ಬರಿಯ ಹಲಗೆಯ ಮೇಲೆ ಅವಳು ಕರವಸ್ತ್ರವನ್ನೂ ಇಡುವುದಿಲ್ಲ.

ಆ ಮೇಜಿನಿಂದ ಜಾರುತ್ತಿದ್ದ ಇಸ್ತ್ರಿಪೆಟ್ಟಿಗೆಯನ್ನು ಹಿಡಿಯಲು ಹೋಗಿ ಅವಳ ಎಂಟು ವರ್ಷದ ಮಗಳು ಚೂಟಿ ಬಲಗೈ ಸುಟ್ಟುಕೊಂಡಳು. ಗಾಯವೇನೋ ಮಾಯಿತು. ಆದರೆ ಅಂಗೈಯ ಚರ್ಮ ಬಿಗಿಯುತ್ತ ಬಂದು, ಬೆರಳುಗಳು ಏನನ್ನೋ ಬಚ್ಚಿಟ್ಟುಕೊಂಡ ಹಾಗೆ ಒಳಕ್ಕೆ ಬಾಗಿದವು. ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಮೇಡಂ ಮುಚ್ಚುಮರೆ ಮಾಡಲಿಲ್ಲ.

"ಎರಡು ತಿಂಗಳೊಳಗೆ ಬೆರಳು ಬಿಡಿಸ್ಕೊಳ್ಬೇಕು. ಇಲ್ಲಾಂದ್ರೆ ಆಪರೇಷನ್ ಮಾಡ್ಬೇಕಾಗತ್ತೆ. ಆಮೇಲೂ ಪೂರ್ತಿ ಬರತ್ತೆ ಅಂತ ನಾನು ಹೇಳಲ್ಲ."

ವ್ಯಾಯಾಮ ಎಂದರೆ ಚೂಟಿ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದಳು. ಆಗ ಮೇಡಂ ತಮ್ಮ ಕಂಪ್ಯೂಟರಿನಲ್ಲಿ ಕಪ್ಪೆಯ ಆಟ ಹಾಕಿಕೊಟ್ಟರು. ಒಂದೊಂದು ಬೆರಳಿಗೆ ಒಂದೊಂದು ಕೀಲಿ. ಒತ್ತಿದರೆ ಕಪ್ಪೆ ಮುಂದಿನ ಕಲ್ಲಿಗೆ ಹಾರುತ್ತದೆ. ಅದು ನೀರಿಗೆ ಬೀಳಬಾರದೆಂಬ ಭರದಲ್ಲಿ ಹುಡುಗಿ ನೋವು ಮರೆತು ಬೆರಳು ಚಾಚಿದಳು.

"ಮನೇಲೂ ದಿನಾ ಇದನ್ನೇ ಆಡಿಸಿ," ಎಂದರು ಮೇಡಂ. "ಮೊಬೈಲ್ ಬೇಡ, ಅದ್ರಲ್ಲಿ ಹೆಬ್ಬೆರಳಿಗಷ್ಟೇ ಕೆಲಸ."

ಇಸ್ತ್ರಿಯವಳು ಅಂಗಡಿಯಲ್ಲಿದ್ದ ಅತಿ ಅಗ್ಗದ ಲ್ಯಾಪ್‌ಟಾಪ್ ತಂದಳು. ಮೆಮೊರಿ ಬರೀ ನಾಲ್ಕು ಜಿಬಿ. "ಮಕ್ಕಳ ಆಟ ತಾನೇ, ಓಡತ್ತೆ ತಗೊಳ್ಳಿ ಅಕ್ಕಾ," ಎಂದಿದ್ದನಂತೆ ಅಂಗಡಿಯವನು.

ಓಡಿತು, ಸ್ವಲ್ಪ ಹೊತ್ತು. ಆಮೇಲೆ ಕಪ್ಪೆ ಎರಡು ಕಲ್ಲುಗಳ ನಡುವೆ ಗಾಳಿಯಲ್ಲೇ ನಿಂತುಬಿಟ್ಟಿತು. ಕಪ್ಪೆ ನಿಂತರೆ ಸಾಕು, ಹುಡುಗಿಗೆ ಕೈಯ ನೋವು ನೆನಪಾಗಿ ಬೆರಳುಗಳು ಮುದುಡಿಕೊಳ್ಳುತ್ತಿದ್ದವು.

"ಅಮ್ಮಾ, ಮತ್ತೆ ಸತ್ತೋಯ್ತು!"

"ಸತ್ತಿಲ್ಲ ಪುಟ್ಟಾ, ಯೋಚ್ನೆ ಮಾಡ್ತಿದೆ."

"ಇಷ್ಟೊಂದಾ? ನಮ್ಮ ಲೆಕ್ಕದ ಮಿಸ್ಸೂ ಇಷ್ಟು ಯೋಚ್ನೆ ಮಾಡಲ್ಲ!"

ಮೊದಮೊದಲು ನಕ್ಕೆವು. ದಿನವೂ ಅದೇ ಆದಾಗ ನಗು ಹೋಯಿತು. ಒಂದು ತಿಂಗಳಾಗುವ ಹೊತ್ತಿಗೆ ಹುಡುಗಿ ಅದರ ಮುಂದೆ ಕೂರಲು ಒಲ್ಲೆ ಎಂದಳು. ಬಿಟ್ಟುಕೊಳ್ಳುತ್ತಿದ್ದ ಬೆರಳುಗಳು ಮತ್ತೆ ಒಳಕ್ಕೆ ಬಾಗತೊಡಗಿದವು. ತಾಯಿ ಉಜ್ಜುವುದನ್ನು ಬಿಟ್ಟು ಮಗಳನ್ನು ರಮಿಸುತ್ತಿದ್ದಾಗ ಬಟ್ಟೆ ಕೇಳಲು ಬಂದ ಎದುರುಮನೆಯಾಕೆ, "ಅಂಗಿ ಕೇಳಿದ್ರೆ ಇಲ್ಲಿ ಆಟ ನಡೀತಿದೆ! ಕಂಪ್ಯೂಟರ್ ಬೇರೆ! ಅನುಕೂಲಸ್ಥರು ಬಿಡಿ," ಎಂದು ಚುಚ್ಚಿ ಹೋದಳು.

ಮರುದಿನ ಮಧ್ಯಾಹ್ನ ಗೋಡೆಯಾಚೆ ಚೂಟಿಯ ಚೀರಾಟ ಕೇಳಿ ಓಡಿದೆ. ತಾಯಿ ಮಗಳ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದು ಬೆರಳುಗಳನ್ನು ಬಲವಂತವಾಗಿ ಬಿಡಿಸುತ್ತಿದ್ದಳು. ಇಬ್ಬರೂ ಅಳುತ್ತಿದ್ದರು.

"ಬಿಡೇ! ಮುರಿದುಹಾಕ್ತೀಯಾ?"

"ಮುರೀಲಿ ದೊಡ್ಡಮ್ಮಾ! ಮುರಿದ್ರೆ ಕಟ್ತಾರೆ. ಹೀಗೇ ಅಂಟ್ಕೊಂಡ್ರೆ ಯಾರು ಬಿಡಿಸ್ತಾರೆ?"

ತಾಯಿಯ ಕೈಯನ್ನು ನಾನೇ ಕಿತ್ತು ತೆಗೆಯಬೇಕಾಯಿತು. ಆ ಕ್ಷಣವೇ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಮೂವರೂ ರಿಪೇರಿಯವನ ಹತ್ತಿರ ಹೋದೆವು.

ಅವನು ಬಿಚ್ಚಿ ನೋಡಿ ತಲೆಯಾಡಿಸಿದ. "ಇದಕ್ಕೆ ಮೆಮೊರಿ ಜಾಸ್ತಿ ಮಾಡಕ್ಕಾಗಲ್ಲ ಅಕ್ಕಾ. ಬೋರ್ಡಿಗೇ ಬೆಸುಗೆ ಹಾಕ್ಬಿಟ್ಟಿದಾರೆ."

ಇಸ್ತ್ರಿಯವಳು ಅಂಗಡಿಯ ಕಟ್ಟೆ ಹಿಡಿದುಕೊಂಡಳು. "ಹಂಗಾದ್ರೆ ಇದು ದಂಡವಾ?"

"ದಂಡ ಯಾಕೆ? ಇರೋ ಮೆಮೊರೀಲಿ ಅರ್ಧ ಅದರ ಸ್ವಂತ ಹೊಟ್ಟೆಗೇ ಬೇಕು. ಮಿಕ್ಕಿದ್ರಲ್ಲಿ ಸಣ್ಣ ಆಟ ಆರಾಮಾಗಿ ಆಗತ್ತೆ. ಆಟದ ಜೊತೆ ಬೇರೇನಾದ್ರೂ ಹಾಕ್ತೀರಾ?"

"ಹಾಡಿನ ವಿಡಿಯೋ. ಮಗು ಅಳ್ಬಾರ್ದು ಅಂತ."

"ಎಲ್ಲಿಟ್ಟು ಆಡಿಸ್ತೀರಾ?"

"ಇಸ್ತ್ರಿ ಮೇಜಿನ ಮೇಲೆ. ಕಂಬಳಿ ಮೆತ್ತಗಿರತ್ತಲ್ಲ, ಪೆಟ್ಟಾಗಲ್ಲ."

ಅವನು ಯಂತ್ರವನ್ನು ಬೋರಲು ಹಾಕಿ ತಳದ ಸೀಳುಗಳನ್ನು ತೋರಿಸಿದ. "ಇದು ಉಸಿರಾಡೋದೇ ಇಲ್ಲಿಂದ. ನೀವು ಮೂಗಿಗೆ ಕಂಬಳಿ ಒತ್ತಿ, ಹಾಡು ಬೇರೆ ಹೇಳಿಸ್ತಿದೀರಲ್ಲ ಅಕ್ಕಾ! ಬಿಸಿಯಾದ್ರೆ ಪಾಪ ಅದು ನಿಂತುಬಿಡ್ದೆ ಏನ್ ಮಾಡತ್ತೆ?"

ಬೆಳಗಿಂದ ಸಂಜೆಯ ತನಕ ಬಿಸಿ ಹಿಡಿದು ದುಡಿಯುವವಳಿಗೆ ಯಂತ್ರ ಬಿಸಿಯಾಗುವುದು ತಪ್ಪೆಂದು ತೋರಿಯೇ ಇರಲಿಲ್ಲ. ಅವಳು ಆ ಸೀಳುಗಳ ಮೇಲೆ ಬೆರಳಾಡಿಸಿದಳು. ರಿಪೇರಿಯವನು ಅದರಲ್ಲಿ ತಮ್ಮಷ್ಟಕ್ಕೆ ತಾವೇ ಶುರುವಾಗುತ್ತಿದ್ದ ಪ್ರೋಗ್ರಾಮುಗಳನ್ನೆಲ್ಲ ನಿಲ್ಲಿಸಿದ. "ಬರೀ ಹಲಗೆ ಮೇಲಿಡಿ. ಒಂದು ಸಲಕ್ಕೆ ಒಂದೇ ಕೆಲಸ ಕೊಡಿ," ಎಂದ.

ಅಂದು ಸಂಜೆ ಅವಳು ಕಂಬಳಿ ತೆಗೆದಳು. ವಿಡಿಯೋ ಇಲ್ಲದ್ದರಿಂದ ಹಾಡುವ ಕೆಲಸ ನನ್ನ ಪಾಲಿಗೆ ಬಂತು.

"ಅಜ್ಜೀ, ನೀನು ಹಾಡಿದ್ರೆ ಕಪ್ಪೆ ಹೆದರಿ ಓಡತ್ತೆ," ಎಂದಳು ಚೂಟಿ.

"ಓಡ್ಲಿ. ನಮಗೆ ಬೇಕಾಗಿರೋದೂ ಅದೇ."

ಕಪ್ಪೆ ಹೊಳೆ ದಾಟಿತು. ಮತ್ತೆ ಹಾಕಿದೆವು, ಮತ್ತೆ ದಾಟಿತು. ಅಂದಿನಿಂದ ಅದು ಒಮ್ಮೆಯೂ ನಿಲ್ಲಲಿಲ್ಲ. ಹುಡುಗಿ ದಿನವೂ ಆಡಿದಳು. ಆದರೆ ಉಳಿದಿದ್ದ ದಿನಗಳೇ ಕಡಿಮೆ.

ಎರಡು ತಿಂಗಳು ತುಂಬಿದ ದಿನ ಆಸ್ಪತ್ರೆಯಲ್ಲಿ ಮೇಡಂ ಚೂಟಿಯ ಅಂಗೈಯನ್ನು ಮೇಜಿನ ಮೇಲೆ ಇಡಿಸಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಕ್ಕೆ ತಾಗಿದವು. ಉಂಗುರದ ಬೆರಳು, ಕಿರುಬೆರಳು ಮೇಲೆಯೇ ಉಳಿದವು. ಮೇಡಂ ಅವುಗಳ ಕೆಳಗೆ ತಮ್ಮ ಪೆನ್ನು ಸರಿಸಿದರು. ಅದು ತಡೆಯಿಲ್ಲದೆ ಆಚೆ ಬಂತು.

"ಮೂರು ಬೆರಳು ಸರಿಹೋದ್ವು. ಈ ಎರಡಕ್ಕೆ ಆಪರೇಷನ್ ಬೇಕು."

ಹೊರಗೆ ಬೆಂಚಿನ ಮೇಲೆ ಕುಳಿತೆವು. ಇಸ್ತ್ರಿಯವಳು ಕೇಳಿದಳು: "ದೊಡ್ಡಮ್ಮಾ, ನಾನು ಕಂಬಳಿ ಹಾಕಿರದಿದ್ರೆ ಐದೂ ಬರ್ತಿದ್ವು, ಅಲ್ವಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಸುಳ್ಳು ಹೊರಡಲಿಲ್ಲ. "ಗೊತ್ತಿಲ್ಲ ಕಣೇ," ಎಂದೆ.

ಅವಳು ಮಗಳ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡು ಆ ಎರಡು ಬೆರಳುಗಳನ್ನು ನೀವತೊಡಗಿದಳು.

"ನೋಯತ್ತೆ ಅಮ್ಮಾ."

"ಗೊತ್ತು," ಎಂದಳು. ನೀವುವುದನ್ನು ನಿಲ್ಲಿಸಲಿಲ್ಲ.