ಹಲಗೆ ಮುಗಿದಲ್ಲಿ ಬಾಗಿಲು

ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಸಮನಾದ ನೆಲ ಹುಡುಕುವುದು ವ್ಯರ್ಥ. ಕೆಂಪು ಗಾರೆ ಒಂದು ಕಡೆ ಕುಸಿದಿರುತ್ತದೆ, ಇನ್ನೊಂದು ಕಡೆ ಉಬ್ಬಿರುತ್ತದೆ. ಅಂಥ ನೆಲಕ್ಕೆ ಹೊಂದುವಂತೆ ಗೋಡೆಯ ಬುಡಕ್ಕೆ ಮರದ ಸ್ಕರ್ಟಿಂಗ್ ಕೂರಿಸುವುದರಲ್ಲಿ ಬಡಗಿ ಶಂಭುಲಿಂಗಪ್ಪನದು ಎತ್ತಿದ ಕೈ. ಉಳಿದವರು ಹಲಗೆ ಹೊಡೆದು ಸಂದಿಗೆ ಪುಟ್ಟಿ ಮೆತ್ತಿ ಹೋಗುತ್ತಿದ್ದರು. ಇವನು ಹಲಗೆಯನ್ನು ಗೋಡೆಗೆ ಆನಿಸಿ, ಮರದ ಚೂರೊಂದರ ಮೇಲೆ ಪೆನ್ಸಿಲ್ ಇಟ್ಟು ನೆಲದುದ್ದಕ್ಕೂ ಜಾರಿಸುತ್ತಿದ್ದ. ನೆಲದ ಉಬ್ಬುತಗ್ಗು ಹಲಗೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಆ ಗೆರೆಯವರೆಗೆ ಹತ್ತರಿ ಹೊಡೆದು ಮರ ಹೆರೆದರೆ ಹಲಗೆ ನೆಲವನ್ನು ಕಚ್ಚಿ ಕೂರುತ್ತಿತ್ತು. ಕೊನೆಗೆ ಹಳೆಯ ಲಗ್ನಪತ್ರಿಕೆಯೊಂದನ್ನು ಅಡಿಯಲ್ಲಿ ತೂರಿಸಿ ನೋಡುವನು. ತೂರಿತೋ, ಕಿತ್ತು ಮತ್ತೆ ಮೊದಲಿನಿಂದ. ಊರವರು ಅದನ್ನು ಶ್ರದ್ಧೆ ಎಂದರು. ಹೆಂಡತಿ ಮಹಾನಂದ ಹಟ ಎಂದಳು.

ಸಕ್ಕರೆ ಕಾಯಿಲೆ ಮಹಾನಂದಳ ಎರಡೂ ಕಣ್ಣುಗಳನ್ನು ತೆಗೆದುಕೊಂಡಿತು. ಆಮೇಲೆ ಅವಳು ಗೋಡೆ ಹಿಡಿದು, ಪಾದವನ್ನು ಗೋಡೆಯ ಬುಡಕ್ಕೆ ಸವರಿಕೊಂಡು ನಡೆಯತೊಡಗಿದಳು. ತೇವಕ್ಕೆ ಉದುರುತ್ತಿದ್ದ ಗಾರೆ ಪಾದವನ್ನು ತರಚುತ್ತಿತ್ತು. ಆ ಗಾಯಗಳು ಮಾಯುವಂಥವಲ್ಲ. ಶಂಭುಲಿಂಗಪ್ಪ ಬೇರೆ ಕೆಲಸ ಬಿಟ್ಟು, ಮೊದಲ ಬಾರಿಗೆ ತನ್ನ ಮನೆಗೇ ಸ್ಕರ್ಟಿಂಗ್ ಹಾಕಲು ಕೂತ.

"ಹಲಗೆ ಮುಗಿದ್ ಕಡೆ ಬಾಗಿಲು ಅಂತ ತಿಳ್ಕೊ," ಎಂದು ಹೇಳಿಕೊಟ್ಟ. "ಅಲ್ಲಿ ಹೊಸ್ತಿಲಿರತ್ತೆ. ಕಾಲೆತ್ತಿ ಪಕ್ಕಕ್ಕೆ ತಿರುಗು."

"ಮದುವೆಯಾಗಿ ಬಂದಾಗಿಂದ ಇದೇ ಮನೇಲಿದೀನಿ. ಇವತ್ತು ಬಾಗಿಲು ತೋರಿಸ್ತಿದೀರಾ?"

ಬಾಯಲ್ಲಿ ಹೀಗಂದರೂ ಕಲಿತಳು. ಗೋಡೆಯ ಮೇಲಿನ ಕೈ ತೆಗೆದು, ಎರಡೂ ಕೈಯಲ್ಲಿ ಚೊಂಬು ಹಿಡಿದು, ಬರೀ ಪಾದದ ನಂಬಿಕೆಯ ಮೇಲೆ ಓಡಾಡುವಷ್ಟು ಧೈರ್ಯ ಬಂತು.

ಉಳಿದದ್ದು ಒಂದೇ ತುಂಡು, ಅಡುಗೆಮನೆ ಬಾಗಿಲಿನ ಪಕ್ಕದ್ದು. ಅಲ್ಲಿ ನೆಲ ಚೆನ್ನಾಗಿ ಕುಸಿದಿತ್ತು. ಹತ್ತರಿ ಒಂದಿಷ್ಟು ಹೆಚ್ಚಿಗೆ ಓಡಿ, ಹಲಗೆಯ ನಡುಭಾಗದ ಅಡಿಯಲ್ಲಿ ಬೆರಳು ತೂರುವಷ್ಟು ಸಂದಿ ಬಿತ್ತು. ಹೆರೆದ ಮರ ಮತ್ತೆ ಅಂಟುವುದಿಲ್ಲ. ಆದರೂ ಮೊಳೆ ಹೊಡೆದು ನಿಲ್ಲಿಸಿದ. ಮಹಾನಂದ ಅಡುಗೆಮನೆಗೆ ಹೋಗಿ ಬಂದಳು.

"ಚೆನ್ನಾಗಿದೆ ರೀ."

"ಮಧ್ಯ ಸಂದಿದೆ ಕಣೆ."

"ನನ್ನ ಕಾಲಿಗೆ ಸಿಗ್ಲಿಲ್ಲ. ಬಿಟ್ಬಿಡಿ."

"ನೋಡ್ದೋರು ಏನಂತಾರೆ?"

"ನೋಡೋರು ಯಾರ್ರೀ ಈ ಮನೇಲಿ? ನಾನಂತೂ ಅಲ್ಲ."

ಇಬ್ಬರೂ ನಕ್ಕರು. ಮಧ್ಯಾಹ್ನದ ಊಟವಾಗಿ ಅವಳು ಮಲಗಿದಳು. ಅವನು ಆ ಸಂದಿಯನ್ನೇ ನೋಡುತ್ತ ಕೂತ. ಎದ್ದರೆ ಬೈಯುತ್ತಾಳೆಂದು, ಸದ್ದಾಗದಂತೆ ಮೊಳೆ ಕಿತ್ತು, ಹಲಗೆಯನ್ನು ಬಾಗಿಲ ಹಿಂದೆ ಒರಗಿಸಿ, ಹೊಸ ಹಲಗೆ ತರಲು ಮರದ ಡಿಪೋಗೆ ಹೋದ.

ಮಹಾನಂದ ಎದ್ದು ಚೊಂಬು ಹಿಡಿದು ನೀರಿಗೆಂದು ಅಡುಗೆಮನೆಯ ಕಡೆ ಹೊರಟಳು. ಪಾದದ ಪಕ್ಕದ ಹಲಗೆ ಮುಗಿಯಿತು. ಅವನು ಕಲಿಸಿದ್ದಂತೆಯೇ ಕಾಲೆತ್ತಿ ತಿರುಗಿದಳು. ಅಲ್ಲಿದ್ದದ್ದು ಬಾಗಿಲಲ್ಲ, ಹಲಗೆ ಕಿತ್ತ ಗೋಡೆ. ಹಣೆ ಬಡಿದು ಹಿಂದಕ್ಕೆ ಬಿದ್ದಳು. ಸೊಂಟದ ಮೂಳೆ ಮುರಿಯಿತು.

ಅವನು ಹೆಗಲ ಮೇಲೆ ಹಲಗೆ ಹೊತ್ತು ಬರುವಾಗ ಪಕ್ಕದ ಮನೆಯ ಬಸವಮ್ಮ ಹೊಸ್ತಿಲಲ್ಲೇ ಕೂಗಿದಳು: "ಶಂಭಣ್ಣ, ಅದನ್ನ ಇಳ್ಸಿ, ಆಟೋ ಕರೀರಿ!"

ಆಸ್ಪತ್ರೆಯಲ್ಲಿ ಮಹಾನಂದ ಕೇಳಿದ್ದು ಒಂದೇ ಮಾತು. "ಅಲ್ಲಿ ಹಲಗೆ ಇತ್ತಲ್ವೇನ್ರೀ? ನಾನೇ ತಪ್ಪಿದ್ನಾ?"

ಶಂಭುಲಿಂಗಪ್ಪ ಮಂಚದ ಕಾಲ್ದೆಸೆಗೆ ಸರಿದ. ಅವಳ ಪಾದ ಹಿಡಿದುಕೊಂಡು ಕೂತ. ಆ ಮೌನವನ್ನು ಅವಳು ಹೌದೆಂದೇ ತಿಳಿದಳು. "ಹೋಗ್ಲಿ ಬಿಡಿ, ನಂಗೂ ವಯಸ್ಸಾಯ್ತು," ಎಂದು ಅವನಿಗೇ ಸಮಾಧಾನ ಹೇಳಿದಳು. ಆಪರೇಷನ್ ಆಯಿತು, ಶ್ವಾಸಕೋಶಕ್ಕೆ ಸೋಂಕು ಹತ್ತಿತು, ಅವಳು ಮನೆಗೆ ಬರಲಿಲ್ಲ. ನಿಜ ಹೇಳಬೇಕಾದ ಒಬ್ಬಳೇ ಒಬ್ಬಳಿಗೆ ಅದನ್ನು ಹೇಳಲು ಅವನಿಗೆ ಇನ್ನು ದಾರಿಯಿರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಸುತ್ತಿಗೆಯ ಸದ್ದು ಕೇಳಿ ಬಸವಮ್ಮ ಬಂದಳು. ಹೊಸ ಹಲಗೆ ತಂದಿಟ್ಟಲ್ಲೇ ಒರಗಿತ್ತು. ಶಂಭುಲಿಂಗಪ್ಪ ಕಿತ್ತಿಟ್ಟಿದ್ದ ಹಳೆಯದನ್ನೇ ಹೊಡೆಯುತ್ತಿದ್ದ.

"ಏನ್ ಶಂಭಣ್ಣ, ನಿಮ್ಮ ಕೈಲಿ ಇಂಥ ಸಂದೀನಾ? ಲಗ್ನಪತ್ರಿಕೆ ಇರ್ಲಿ, ಸೌಟೇ ತೂರತ್ತೆ!"

ಅವನು ಕೊನೆಯ ಮೊಳೆ ಹೊಡೆದ.

"ಇರ್ಲಿ ಬಸವಮ್ಮ. ಅವಳು ಒಪ್ಪಿದ್ ಕೆಲಸ ಇದು."