ಅರ್ಧ ಬೆಂಕಿಕಡ್ಡಿಯಷ್ಟು ಸಂದು

ಹಲ್ಲಿನ ಡಾಕ್ಟರ ಪಕ್ಕ ನಿಂತು ನಾನು ಮಾಡುವುದು ಬಹುಮಟ್ಟಿಗೆ ಏನನ್ನಾದರೂ ಹಿಡಿದುಕೊಳ್ಳುವ ಕೆಲಸ. ಎಂಜಲು ಎಳೆಯುವ ಕೊಳವೆ, ಹೆದರಿದವರ ಕೈ. ಬಾಯ್ತುಂಬ ಹತ್ತಿ ಇಟ್ಟುಕೊಂಡೇ ಊರ ಸಮಾಚಾರ ಹೇಳಲು ಹೊರಡುವವರ ಮೇಲೆ ಬರುವ ಸಿಟ್ಟನ್ನೂ ಹಿಡಿದುಕೊಳ್ಳಬೇಕು, ಅದೇ ಕಷ್ಟ. ಬೆಳಿಗ್ಗೆ ಚಾಂಪಿಯನ್ ರೀಫ್ಸ್‌ನಿಂದ ಬಂಗಾರಪೇಟೆಯ ಕ್ಲಿನಿಕ್ಕಿಗೆ ಬಂದು, ಇಕ್ಕಳ ಚಿಮಟಗಳನ್ನೆಲ್ಲ ತೊಳೆದು ಹಬೆಗೆ ಇಟ್ಟರೆ ನನ್ನ ದಿನ ಶುರು. ಹಲ್ಲು ಸೆಟ್ಟು ಕಟ್ಟಿಸಿಕೊಳ್ಳುವವರು ಬಂದರೆ ಕನ್ನಡಿ ಹಿಡಿಯುವವಳೂ ನಾನೇ.

ಹೋದ ವರ್ಷ ಬೂದಿಕೋಟೆ ಕಡೆಯಿಂದ ಒಬ್ಬ ಅಜ್ಜಿ ಬಂದರು, ಜೊತೆಗೆ ಅವರ ಗಂಡ. ಡೈರಿಗೆ ಹಾಲು ಹಾಕಿ ಬಸ್ಸು ಹತ್ತಿದ್ದರು. ಅಜ್ಜಿಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ.

"ಮುದ್ದೆ ನುಂಗಕ್ಕೆ ಅಲ್ಲು ಯಾಕಮ್ಮ? ಎಲ್ಲಾ ಇವ್ರ್ದೇ ಅಟ" ಎಂದು ಗೊಣಗುತ್ತಲೇ ಕುರ್ಚಿಯಲ್ಲಿ ಕೂತರು.

ತಾತ ಆಮೇಲೆ ಬಾಗಿಲ ಹತ್ತಿರ ನನ್ನನ್ನು ನಿಲ್ಲಿಸಿ ಮೆಲ್ಲಗೆ ಅಂದರು: "ಅಲ್ಲು ಓದ್ಮೇಲೆ ಇವಳು ನಗೋದೇ ಬಿಟ್ಟವ್ಳೆ ಕಣಮ್ಮ. ಮಾತಾಡ್ತಾಳೆ, ಬೈತಾಳೆ. ನಗಲ್ಲ."

ಸೆಟ್ಟು ಗಟ್ಟಿಯಾಗುವ ಮುಂಚೆ ಹಲ್ಲುಗಳನ್ನು ಮೇಣದಲ್ಲಿ ಕೂರಿಸಿ ಒಮ್ಮೆ ಬಾಯಿಗಿಟ್ಟು ನೋಡುತ್ತಾರೆ. ಏನು ಬದಲಾಯಿಸಬೇಕಿದ್ದರೂ ಆಗಲೇ, ಆಮೇಲೆ ಆಗುವುದಿಲ್ಲ. ಆ ದಿನ ನಾನು ಕನ್ನಡಿ ಹಿಡಿದೆ. ಒಂದಕ್ಕೊಂದು ಅಂಟಿಕೊಂಡ ಅಚ್ಚುಕಟ್ಟಾದ ಸಾಲು. ಅಜ್ಜಿಯ ಕಣ್ಣು ತುಂಬಿತು.

"ಇದು ಯಾರ್ದೋ ಬಾಯಿ. ತೆಗೀರಮ್ಮ."

ಅವರ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿತ್ತಂತೆ. ಎಷ್ಟೆಂದು ಕೇಳಿದರೆ ಅವರಿಗೇ ಗೊತ್ತಿಲ್ಲ. ಹಳೇ ಫೋಟೋ ತನ್ನಿ ಅಂದೆ.

"ಫೋಟೋದಾಗೆಲ್ಲ ಬಾಯಿಗೆ ಸೆರಗು ಅಡ್ಡ ಇಟ್ಕಂಡಿವ್ನಿ."

ನನಗೆ ರೇಗಿಹೋಯಿತು. ನಮ್ಮ ಹೆಂಗಸರ ಈ ಸೆರಗಿನ ಸಂಕೋಚಕ್ಕೆ ಏನು ಹೇಳುವುದು! ಡಾಕ್ಟರಮ್ಮ ಮಾತ್ರ ತಾಳ್ಮೆಯಿಂದ, "ಮತ್ತೆ ನಿಮ್ಮ ನಗು ನೋಡಿದವರು ಯಾರಜ್ಜಿ?" ಎಂದು ಕೇಳಿದರು. ಅಜ್ಜಿ ಬಾಗಿಲ ಕಡೆ ನೋಡಿದರು. ನಾನು ಹೋಗಿ ತಾತನನ್ನು ಒಳಗೆ ಕರೆದೆ.

ವಿಷಯ ಕೇಳಿದ ತಾತ ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಒಂದು ಕಡ್ಡಿ ಹಿಡಿದು ಸ್ವಲ್ಪ ಹೊತ್ತು ನೋಡಿ, ಉಗುರಿನಿಂದ ಉದ್ದಕ್ಕೆ ಸೀಳಿ, ಒಂದು ಸೀಳನ್ನು ಡಾಕ್ಟರಮ್ಮನಿಗೆ ಕೊಟ್ಟರು. "ಇಷ್ಟು. ಪೂರಾ ಕಡ್ಡಿ ಸಂದೀಗೆ ಇಡ್ಸಲ್ಲ."

ಅಜ್ಜಿ ನಾಚಿ ಕೆಂಪಾದರು. "ನೀನು ಯಾವತ್ತು ಅಳ್ತೆ ತಕಂಡಿದ್ದೆ?"

"ದಿನಾ" ಅಂದರು ತಾತ.

ನನ್ನ ಮುಖಕ್ಕೆ ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು. ಡಾಕ್ಟರಮ್ಮ ಮೇಣ ಬಿಸಿ ಮಾಡಿ, ಆ ಸೀಳಿನ ಅಳತೆಗೆ ಹಲ್ಲು ಸರಿಸಿದರು.

ಗಟ್ಟಿ ಸೆಟ್ಟು ಬಂದ ದಿನ ನಾನು ರೂಢಿಯಂತೆ ಕನ್ನಡಿ ಎತ್ತಿದೆ. ಅಜ್ಜಿ ಅದನ್ನು ನೋಡದೆ ತಾತನ ಕಡೆ ತಿರುಗಿದರು. ತಾತ ಬಗ್ಗಿ ನೋಡಿ, "ಬಂದ್ಲಪ್ಪಾ ನಮ್ಮೋಳು" ಅಂದರು. ಅಜ್ಜಿಗೆ ನಗು ಉಕ್ಕಿತು, ಕೈ ತಾನಾಗಿ ಸೆರಗು ಹಿಡಿದು ಮೇಲೆ ಹೋಯಿತು.

"ಇವತ್ತೊಂದಿನ ಬುಡೇ" ಅಂದರು ತಾತ.

ಕೈ ಕೆಳಗಿಳಿಯಿತು. ಅಜ್ಜಿ ಬಾಯ್ತುಂಬ ನಕ್ಕರು. ನಾನು ಕನ್ನಡಿ ಹಿಡಿದುಕೊಂಡೇ ನಿಂತಿದ್ದೆ. ಅದರ ಕಡೆ ಯಾರೂ ನೋಡಲಿಲ್ಲ.